ಎಸ್‌ಪಿಎಫ್ ಪಾಸ್ ಆದ ಮೇಲೂ ನಮ್ಮ ಹೆಸರಲ್ಲಿ ನಕಲಿ ಬಿಲ್ ಹೋಗಿದೆ, ಹೇಗೆ?

ಪ್ರಶ್ನೆ: ಕಾಫಿಪುಡಿ_ಹಾಸನ
ಹಾಸನದಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ಹುರಿಯೋದು, ಪುಡಿ ಮಾಡೋದು ಅಪ್ಪ ನೋಡಿಕೊಳ್ಳುತ್ತಾರೆ. ಬಿಲ್ಲು, ಮೇಲ್ ನನ್ನ ಪಾಲು. ಕಳೆದ ವಾರ ಹೋಟೆಲಿನವರೊಬ್ಬರು ಫೋನ್ ಮಾಡಿ, "ಬ್ಯಾಂಕ್ ಅಕೌಂಟ್ ಬದಲಾಯಿಸಿದ್ರಾ?" ಅಂತ ಕೇಳಿದರು. ನಾವು ಬದಲಾಯಿಸಿಯೇ ಇಲ್ಲ! ಹದಿನೈದು ವರ್ಷದ ಗಿರಾಕಿ, ಅನುಮಾನ ಬಂದು ಕೇಳಿದ್ದಕ್ಕೆ ಅವರ ದುಡ್ಡು ಉಳಿಯಿತು. ಮೇಲ್ ನೋಡಿದರೆ ಕಳಿಸಿದ ವಿಳಾಸ ಒಂದಕ್ಷರವೂ ಬಿಡದೆ ನಮ್ಮದೇ. ನಮ್ಮ ಲಾಗಿನ್ ಹಿಸ್ಟರಿಯಲ್ಲಿ ಹೊರಗಿನವರ ಸುಳಿವಿಲ್ಲ. ಅವರ ಜಿಮೇಲ್‌ನಲ್ಲಿ 'ಶೋ ಒರಿಜಿನಲ್' (ಮೇಲ್‌ನ ಪೂರ್ತಿ ತಾಂತ್ರಿಕ ವಿವರ) ತೆಗೆಸಿದೆ, ಎಸ್‌ಪಿಎಫ್ (ಒಂದು ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಪಾಸ್ ಅಂತಿದೆ. ಎಸ್‌ಪಿಎಫ್ ಇರೋದೇ ಇದನ್ನು ತಡೆಯೋಕೆ ಅಲ್ವಾ? ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ಸರ್ವರ್‌ಮನೆ
ಆ ಪಾಸ್ ಇರುವ ಸಾಲಲ್ಲೇ 'ಮೇಲ್‌ಫ್ರಮ್' ಎಂದು ಒಂದು ಡೊಮೈನ್ ಇರುತ್ತದೆ, ಓದಿ. ನಿಮ್ಮದಾಗಿರೋದಿಲ್ಲ. ಎಸ್‌ಪಿಎಫ್ ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು, ಅಂದರೆ ಈ ಮೇಲ್‌ಫ್ರಮ್ ಅನ್ನು. ಓದುವವರಿಗೆ ಕಾಣುವ ಫ್ರಮ್ ವಿಳಾಸದ ಕಡೆ ಅದು ತಿರುಗಿಯೂ ನೋಡಲ್ಲ. ಕಳ್ಳ ತನ್ನ ಲಕೋಟೆಯಲ್ಲಿ ನಿಮ್ಮ ಲೆಟರ್‌ಹೆಡ್ ಇಟ್ಟು ಕಳಿಸಿದ್ದಾನೆ.

ಇವೆರಡೂ ಹೊಂದುತ್ತವಾ ಎಂದು ಕೇಳುವುದು ಡಿಮಾರ್ಕ್. ಎಸ್‌ಪಿಎಫ್ ಅಥವಾ ಡಿಕಿಮ್ (ಕಳಿಸುವ ಸರ್ವರ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಒಂದಾದರೂ ಪಾಸ್ ಆಗಬೇಕು, ಆ ಡೊಮೈನ್ ಫ್ರಮ್ ಡೊಮೈನಿಗೆ ಹೊಂದಬೇಕು. ನಿಮ್ಮ ಡೊಮೈನಿನ ಡಿಎನ್‌ಎಸ್‌ನಲ್ಲಿ (ಡೊಮೈನಿನ ವಿವರ ಇರುವ ಸಾರ್ವಜನಿಕ ದಾಖಲೆ) ಒಂದು ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್ ಹಾಕಿದರಾಯಿತು. ಪಾಲಿಸಿ ಮೊದಲು 'ನನ್' (none, ಯಾವ ಮೇಲನ್ನೂ ತಡೆಯಬೇಡ) ಇರಲಿ, ರಿಪೋರ್ಟ್ ಬರಬೇಕಾದ ವಿಳಾಸವನ್ನೂ ಬರೆಯಿರಿ. ದಯವಿಟ್ಟು ಮೊದಲ ದಿನವೇ 'ರಿಜೆಕ್ಟ್' (ಹೊಂದದ ಮೇಲನ್ನು ತಿರಸ್ಕರಿಸು) ಹಾಕಬೇಡಿ. ನಾನು ಒಂದು ಶಾಲೆಗೆ ಹಾಗೆ ಮಾಡಿ, ಫೀಸ್ ರಸೀದಿಗಳು ಎರಡು ದಿನ ಯಾರಿಗೂ ತಲುಪಲಿಲ್ಲ. ರಸೀದಿ ಕಳಿಸುತ್ತಿದ್ದುದು ಬೇರೆ ಸರ್ವರ್, ಅದಕ್ಕೆ ಡಿಕಿಮ್ ಹಾಕಿರಲಿಲ್ಲ.

ಉತ್ತರ: ತುಂಗಾತೀರ
ಎಸ್‌ಪಿಎಫ್ ರೆಕಾರ್ಡ್ ಒಂದೇ ಇದೆಯಾ ನೋಡಿಕೊಳ್ಳಿ. ಎರಡಿದ್ದರೆ ಎರಡೂ ಕೆಟ್ಟ ಹಾಗೆ. ಅದನ್ನು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟಬಾರದು. ಮೇಲ್ ಫಾರ್ವರ್ಡ್ ಆದರೆ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತದೆ, ಡಿಕಿಮ್ ಸಹಿ ಉಳಿಯುತ್ತದೆ. ಅದಕ್ಕೇ ಡಿಕಿಮ್ ಬಿಡಬೇಡಿ, ಕೀ 2048 ಬಿಟ್ ಇರಲಿ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಜಾಸ್ತಿ ಮೇಲ್ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ ಮಾಡಿವೆ. ಗೂಗಲ್ ಲೆಕ್ಕದಲ್ಲಿ ಅದು ದಿನಕ್ಕೆ 5,000. ನಿಮ್ಮದು ಅಷ್ಟಿರಲ್ಲ, ಆದರೆ ಬಿಲ್ಲು ಕಳಿಸೋರಿಗೆ ಬೇಕೇ ಬೇಕು.

ಕಾಫಿಪುಡಿ_ಹಾಸನ
ಮೂರು ವಾರ ಆಯಿತು, ಏನಾಯಿತು ಅಂತ ಹೇಳ್ತೀನಿ. ಮೇಲ್‌ಫ್ರಮ್‌ನಲ್ಲಿ ಇದ್ದುದು ಎಂದೂ ಕೇಳದ ಡೊಮೈನ್, ನೀವಂದದ್ದೇ ನಿಜ. ರಿಪೋರ್ಟು ದಿನಾ ಜಿಪ್ ಆಗಿ ಬರ್ತಿದೆ, ಒಳಗೆ ಎಕ್ಸ್‌ಎಂಎಲ್. ಕೂತು ಒಂದೊಂದೇ ಐಪಿ (ಕಳಿಸಿದ ಸರ್ವರಿನ ಅಂಕಿ ವಿಳಾಸ) ಹುಡುಕಿದೆ. ಮೂರು ಐಪಿ ಯಾರದೋ ಗೊತ್ತಿಲ್ಲ. ಒಂದು ಮಾತ್ರ ತಿಂಗಳ ಮೊದಲ ದಿನ 42 ಮೇಲ್ ಕಳಿಸಿದೆ, ಎಲ್ಲಾ ಫೇಲ್. ಎದೆ ಝಲ್ ಅಂತು. ಆಮೇಲೆ ಹೊಳೀತು, ತಿಂಗಳ ಬಿಲ್ಲು ಹೋಗೋದು ಅವತ್ತೇ, 42 ಅಂಗಡಿಗೆ. ಅದು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಸರ್ವರ್! ನೇರ ರಿಜೆಕ್ಟ್ ಹಾಕಿದ್ದರೆ ನಮ್ಮ ಬಿಲ್ಲೇ ನಿಲ್ತಿತ್ತು. ಅವರಿಂದ ಡಿಕಿಮ್ ಹಾಕಿಸಿದೆ, ಈಗ ಪಾಸ್. ಪಾಲಿಸಿ 'ಕ್ವಾರಂಟೈನ್'ಗೆ (ಹೊಂದದ ಮೇಲ್ ಸ್ಪ್ಯಾಮ್‌ಗೆ ಹೋಗಲಿ) ತಂದಿದ್ದೀನಿ. ಮುಂದಿನ ತಿಂಗಳ ಬಿಲ್ಲು ಸರಿಯಾಗಿ ಹೋದರೆ ರಿಜೆಕ್ಟ್.

ಇನ್ನೊಂದು ಕೇಳಬೇಕಿತ್ತು. ಹಳೇ ವೆಬ್‌ಸೈಟಿನ ಡೊಮೈನ್ ಸುಮ್ನೆ ಬಿದ್ದಿದೆ, ಮೇಲ್ ಇಲ್ಲ. ಅದಕ್ಕೂ ಬೇಕಾ?

ಸರ್ವರ್‌ಮನೆ
ಬೇಕು. ಎಸ್‌ಪಿಎಫ್‌ನಲ್ಲಿ 'ಮೈನಸ್ ಆಲ್' (-all, ಯಾರೂ ಕಳಿಸುವಂತಿಲ್ಲ) ಮಾತ್ರ ಬರೆಯಿರಿ, ಡಿಮಾರ್ಕ್ ನೇರ ರಿಜೆಕ್ಟ್. ಅಲ್ಲಿಂದ ಯಾವ ಮೇಲೂ ಹೋಗಲ್ಲ, ಕಾಯೋದೇನೂ ಇಲ್ಲ. ಆದರೆ ನಿಮ್ಮ ಹೆಸರಿಗೆ ಒಂದಕ್ಷರ ಸೇರಿಸಿ ಬೇರೆ ಡೊಮೈನ್ ಕೊಂಡವರನ್ನು ಡಿಮಾರ್ಕ್ ತಡೆಯಲ್ಲ. ಆ 42 ಅಂಗಡಿಯವರಿಗೂ ಅಪ್ಪನ ಕೈಯಲ್ಲೇ ಫೋನ್ ಮಾಡಿಸಿ, ಅಕೌಂಟ್ ಬದಲಾದರೆ ಮೇಲ್‌ನಲ್ಲಿ ಹೇಳಲ್ಲ ಅಂತ ತಿಳಿಸಿ.