ಗಣಿತದ ಸ್ಪರ್ಧೆ ಇಷ್ಟ ಅಂದರೆ 'ಕುಡುಮಿ' ಅಂತಲೇ ಅರ್ಥಾನಾ? ಅನುಭವ ಇರುವವರು ಹೇಳಿ

ಕೇಳಿದವರು: ಹಾಸನದ ತಾಯಿ

ನಮ್ಮ ಮಗಳು ಎಂಟನೇ ಕ್ಲಾಸು. ಒಗಟಿನಂಥ ಲೆಕ್ಕ ಸಿಕ್ಕಿದರೆ ಊಟ ಮರೆಯುತ್ತಾಳೆ. ಈ ವರ್ಷ ಐಒಕ್ಯೂಎಂ, ಅಂದರೆ ಗಣಿತ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ, ಬರೆಯುತ್ತೇನೆ ಅಂತ ಅವಳೇ ಹೇಳಿದ್ದಳು. ಕ್ಲಾಸಿನಲ್ಲಿ 'ಕುಡುಮಿ' ಅಂತ ರೇಗಿಸುತ್ತಾರೆ. ನೆಂಟರು 'ಪಾಪ, ಅಪ್ಪ ಅಮ್ಮ ಓದಿಸಿ ಓದಿಸಿ ಸುಸ್ತು ಮಾಡಿದ್ದಾರೆ' ಅನ್ನುತ್ತಾರೆ. ಮೊನ್ನೆ ಒಂದು ನಾಮಕರಣದಲ್ಲಿ ಅವಳ ಸೋದರಮಾವ 'ಎಲ್ಲಿ, 17ರ ಮಗ್ಗಿ ಹೇಳು' ಅಂದರು. ಮಧ್ಯದಲ್ಲಿ ತಡವರಿಸಿದಳು, ಎಲ್ಲರೂ ನಕ್ಕರು. ಈಗ ಪರೀಕ್ಷೆಯೇ ಬೇಡ ಅಂತ ಕೂತಿದ್ದಾಳೆ. ಇಂಥದ್ದನ್ನು ದಾಟಿ ಬಂದವರು, ಮಕ್ಕಳನ್ನು ದಾಟಿಸಿದವರು ಇದ್ದರೆ ಹೇಳಿ. ಶಾಲೆಗೆ ಹೇಳಿಯೇ ಹೆಸರು ಕೊಡಬೇಕಾ ಅನ್ನುವುದನ್ನೂ ತಿಳಿಸಿ.

ಬೆಂಗಳೂರು, ಸಾಫ್ಟ್‌ವೇರ್ ಕೆಲಸ

ಅಕ್ಕಾ, 17ರ ಮಗ್ಗಿ ನನಗೂ ಸರಿಯಾಗಿ ಬರಲ್ಲ. ಆದರೂ ಐಎನ್‌ಎಂಒ, ಅಂದರೆ ರಾಷ್ಟ್ರಮಟ್ಟದ ಗಣಿತ ಒಲಿಂಪಿಯಾಡ್‌ವರೆಗೆ ಹೋಗಿದ್ದೆ.

ಗಣಿತ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಶಕುಂತಲಾ ದೇವಿ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ತೋರಿಸಿದವರು ಅವರು. ಅದು ದೊಡ್ಡ ಸಾಧನೆಯೇ, ಆದರೆ ಒಲಿಂಪಿಯಾಡ್ ಬೇರೆಯದೇ ಆಟ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ದಿನಕ್ಕೆ ಮೂರೇ ಲೆಕ್ಕ, ಅದಕ್ಕೆ ನಾಲ್ಕೂವರೆ ಗಂಟೆ ಸಮಯ. ಎರಡು ದಿನಕ್ಕೆ ಸೇರಿ 6 ಲೆಕ್ಕ, 42 ಅಂಕ. ಬರೀ ಉತ್ತರ ಬರೆದರೆ ಸಾಲದು, ಅದು ಯಾಕೆ ಸರಿ ಅಂತ ಸಾಧಿಸಿ ತೋರಿಸಬೇಕು. ಮಗ್ಗಿಗೆ ಅಲ್ಲಿ ಏನೂ ಕೆಲಸವಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಾಮಕರಣಕ್ಕೆ ಎಷ್ಟೇ ಜನ ಬಂದಿರಲಿ, ಅವರಲ್ಲಿ ಕನಿಷ್ಠ ಇಬ್ಬರಿಗೆ ಅಲ್ಲಿರುವವರ ಪೈಕಿ ಒಂದೇ ಸಂಖ್ಯೆಯ ಪರಿಚಯದವರು ಇದ್ದೇ ಇರುತ್ತಾರೆ. ಯಾಕೆ? ಪರಿಚಯ ಅಂದರೆ ಇಬ್ಬರಿಗೂ ಇರಬೇಕು, ಅಷ್ಟೇ ನಿಯಮ. 50 ಜನ ಬಂದಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ 0ಯಿಂದ 49ರವರೆಗೆ ಎಷ್ಟು ಜನ ಬೇಕಾದರೂ ಪರಿಚಯ ಇರಬಹುದು. ಆದರೆ ಯಾರೂ ಗೊತ್ತಿಲ್ಲದವನು, ಎಲ್ಲರೂ ಗೊತ್ತಿರುವವನು ಇಬ್ಬರೂ ಒಂದೇ ಮನೆಯಲ್ಲಿ ಇರಲು ಸಾಧ್ಯವಿಲ್ಲ. ಹಾಗಾಗಿ ಉಳಿಯುವುದು 49 ಸಂಖ್ಯೆ, ಜನ 50. ಇಬ್ಬರದ್ದು ಒಂದೇ ಆಗಲೇಬೇಕು. ಇದರಲ್ಲಿ ಗುಣಾಕಾರ ಎಲ್ಲಿದೆ ಹೇಳಿ? ಮಗಳಿಗೆ ಉತ್ತರ ಹೇಳದೆ ಕೊಡಿ. ಎರಡು ದಿನ ತಗೊಂಡರೂ ಪರವಾಗಿಲ್ಲ.

ಶಿವಮೊಗ್ಗ ಕಡೆಯ ಹೈಸ್ಕೂಲ್ ಮೇಷ್ಟ್ರು

ರೇಗಿಸುವುದನ್ನು ಮಕ್ಕಳು ಹೇಗೋ ತಡೆದುಕೊಳ್ಳುತ್ತಾರೆ. ನಾನು ನೋಡಿದಂತೆ ಜಾಸ್ತಿ ಪೆಟ್ಟು ಕೊಡುವುದು ಹೊಗಳಿಕೆ. ಪ್ರಾರ್ಥನೆಯ ಹೊತ್ತಿಗೆ ನಿಲ್ಲಿಸಿ 'ಇವನು ನಮ್ಮ ಶಾಲೆಯ ರಾಮಾನುಜನ್' ಅಂತ ಹೇಳಿಬಿಟ್ಟರೆ ಮುಗಿಯಿತು. ಮರುದಿನದಿಂದ ಆ ಹುಡುಗ ಕ್ಲಾಸಿನಲ್ಲಿ ಡೌಟು ಕೇಳುವುದಿಲ್ಲ. ರಾಮಾನುಜನ್‌ಗೆ ಡೌಟು ಬರಬಾರದಲ್ಲ! ಗೊತ್ತಾಗದ ಲೆಕ್ಕವನ್ನು ಮುಟ್ಟುವುದನ್ನೇ ಬಿಡುತ್ತಾನೆ, ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಾನೆ. ಹಾಗೆ ಸುಮ್ಮನಾದ ಒಳ್ಳೆಯ ಹುಡುಗರನ್ನು ಕಂಡಿದ್ದೇನೆ.

ಕುಡುಮಿ ಅನ್ನುವುದಕ್ಕೆ ಬಂದರೆ, ನಮ್ಮಲ್ಲಿ ಶನಿವಾರ ಮಧ್ಯಾಹ್ನ ಒಂದು ಗುಂಪು ಸೇರುತ್ತದೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಒಟ್ಟಿಗೆ. ಬೋರ್ಡಿನ ಮೇಲೆ ಒಂದೇ ಲೆಕ್ಕ, ಸುತ್ತ ಕೂಗಾಟ. ಪಕ್ಕದ ಕೋಣೆಯವರು ಬಂದು ಬೈದು ಹೋಗುತ್ತಾರೆ. ಅವರಲ್ಲಿ ಕಬಡ್ಡಿ ತಂಡದ ಹುಡುಗರೂ ಇದ್ದಾರೆ, ಯಕ್ಷಗಾನಕ್ಕೆ ಗೆಜ್ಜೆ ಕಟ್ಟುವ ಹುಡುಗಿಯೂ ಇದ್ದಾಳೆ. ಮೂಲೆಯಲ್ಲಿ ಒಬ್ಬನೇ ಕೂರುವ ಹುಡುಗನೂ ಒಬ್ಬನಿದ್ದಾನೆ. ಅವನು ಗಣಿತದಿಂದ ಒಂಟಿಯಾದವನಲ್ಲ, ಅವನ ಮಾತು ಶುರುವಾಗಿದ್ದೇ ಈ ಗುಂಪಿನಲ್ಲಿ.

ಗಣಿತದವರು ರಸ ಇಲ್ಲದವರು ಅಂತಲೂ ಒಂದು ಮಾತಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂದು ಭಿನ್ನರಾಶಿಯ ಲೆಕ್ಕ ಕಟ್ಟಿದ್ದು ಪ್ರೇಮಿಗಳ ಜಗಳದ ಮೇಲೆ. ಮುತ್ತಿನ ಹಾರ ಹರಿಯುತ್ತದೆ, ಒಂದು ಪಾಲು ಹಾಸಿಗೆಯ ಮೇಲೆ, ಇನ್ನಷ್ಟು ಅತ್ತ ಇತ್ತ ಬೀಳುತ್ತವೆ. ಹಾರದಲ್ಲಿ ಒಟ್ಟು ಎಷ್ಟು ಮುತ್ತಿತ್ತು? ಎಂಟನೇ ಕ್ಲಾಸಿನಲ್ಲಿ ಇದನ್ನು ಹೇಳುವಾಗ ನಾನು 'ಜಗಳ' ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೈಸೂರು, ಪದವಿ ವಿದ್ಯಾರ್ಥಿ

ಎಲ್ಲರೂ ಒಳ್ಳೆಯದನ್ನೇ ಹೇಳ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡ್ತೀನಿ. ಒಲಿಂಪಿಯಾಡ್ ಮಕ್ಕಳಿಗೆ ಕೊಬ್ಬು ಅನ್ನೋದು ಪೂರ್ತಿ ಸುಳ್ಳಲ್ಲ. ನಾನಿದ್ದ ಒಂದು ಗುಂಪಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ 'ಟ್ರಿವಿಯಲ್' (ಇದೇನು ಮಹಾ, ತೀರಾ ಸುಲಭ) ಅಂತ ಒಂದೇ ಪದದ ಉತ್ತರ ಬರುತ್ತಿತ್ತು. ಹೊಸಬರು ಒಂದೆರಡು ಸಲ ನೋಡಿ ಬಿಟ್ಟು ಹೋಗುತ್ತಿದ್ದರು. ಗುಂಪು ಹುಡುಕುವಾಗ ಅಲ್ಲಿ ಪ್ರಶ್ನೆಗೆ ಹೇಗೆ ಉತ್ತರ ಕೊಡ್ತಾರೆ ಅಂತ ಮೊದಲು ನೋಡಿ. ಅಂಕ, ರ‍್ಯಾಂಕು ಆಮೇಲೆ.

ಡಲ್ಲಾಸ್, ಮೂಲ ತುಮಕೂರು

ಇಲ್ಲಿಯ ಹಣೆಪಟ್ಟಿ ಬೇರೆ ಥರ. ನಮ್ಮ ಮಗ ಮ್ಯಾಥ್‌ಕೌಂಟ್ಸ್ ಅನ್ನೋ ಶಾಲಾ ಮಕ್ಕಳ ಗಣಿತ ಸ್ಪರ್ಧೆಯಲ್ಲಿ ಚೆನ್ನಾಗಿ ಮಾಡಿದರೆ 'ನೀನು ಇಂಡಿಯನ್ ಅಲ್ವಾ, ಬರಲೇಬೇಕು' ಅಂತಾರೆ. ಅವನು ಪಟ್ಟ ಶ್ರಮ ಲೆಕ್ಕಕ್ಕೇ ಇಲ್ಲ. ಮಾಡದಿದ್ದರೆ 'ಇಂಡಿಯನ್ ಆಗಿಯೂ?' ಅಂತ ಕೇಳ್ತಾರೆ. ಎರಡೂ ಕಡೆ ಸೋಲು. ನಮ್ಮ ಕನ್ನಡ ಕೂಟದ ಅಪ್ಪ ಅಮ್ಮಂದಿರೇ ಇದಕ್ಕೆ ತುಪ್ಪ ಸುರಿಯುತ್ತಾರೆ ಅನ್ನೋದೂ ನಿಜ.

ಮೇಲೆ ಬೆಂಗಳೂರಿನವರು ಹೇಳಿದ ವೇಗದ ವಿಷಯ ಎಲ್ಲ ಸ್ಪರ್ಧೆಗೂ ಒಂದೇ ಅಲ್ಲ. ಇಲ್ಲಿಯ ಎಎಂಸಿ 8 ಅನ್ನೋ ಗಣಿತ ಪರೀಕ್ಷೆಯಲ್ಲಿ 40 ನಿಮಿಷಕ್ಕೆ 25 ಪ್ರಶ್ನೆ. ಮ್ಯಾಥ್‌ಕೌಂಟ್ಸ್‌ನ ಕೌಂಟ್‌ಡೌನ್ ಸುತ್ತಿನಲ್ಲಿ ಒಂದು ಪ್ರಶ್ನೆಗೆ ಹೆಚ್ಚೆಂದರೆ 45 ಸೆಕೆಂಡು, ಅದೂ ವೇದಿಕೆಯ ಮೇಲೆ. ನಮ್ಮ ಮಗನಿಗೆ ಅದು ಆಗಿಬರಲಿಲ್ಲ. ನಿಧಾನವಾಗಿ ಯೋಚಿಸುವ ಬರವಣಿಗೆಯ ಸ್ಪರ್ಧೆಗೆ ಬಂದ ಮೇಲೆ ಖುಷಿಯಾಗಿದ್ದಾನೆ. ನಿಮ್ಮ ಮಗಳಿಗೆ ಯಾವುದು ಹೊಂದುತ್ತದೆ ಅಂತ ಅವಳನ್ನೇ ಕೇಳಿ.

ಧಾರವಾಡ, ಕಾಲೇಜಿನಲ್ಲಿ ಗಣಿತ ಹೇಳುವವಳು

ಯಾರೂ ಬಾಯಿಬಿಟ್ಟು ಹೇಳದೆ ಉಳಿದಿರುವ ಒಂದು ಮಾತಿದೆ, ನಾನೇ ಹೇಳುತ್ತೇನೆ. ಆ ಸೋದರಮಾವ ಹುಡುಗನನ್ನೂ ಮಗ್ಗಿ ಕೇಳುತ್ತಿದ್ದರು. ಆದರೆ ಹುಡುಗ ತಡವರಿಸಿದರೆ 'ಇವತ್ತು ಯಾಕೋ ಮರೆತ' ಅನ್ನುತ್ತಾರೆ. ಹುಡುಗಿ ತಡವರಿಸಿದರೆ 'ಹುಡುಗೀರಿಗೆ ಯಾಕವ್ವಾ ಇದೆಲ್ಲಾ' ಅನ್ನುತ್ತಾರೆ. ನಾನು ಇದನ್ನು ಕೇಳಿಕೊಂಡೇ ಬೆಳೆದವಳು.

ಇರಾನಿನ ಮರಿಯಮ್ ಮಿರ್ಜಾಖಾನಿ ಕಥೆಯನ್ನು ಮಗಳಿಗೆ ಹೇಳಿ. ಶಾಲೆಯಲ್ಲಿ ಒಂದು ವರ್ಷ ಟೀಚರ್ ಒಬ್ಬರು ಈ ಹುಡುಗಿಗೆ ಗಣಿತದಲ್ಲಿ ಅಂಥ ಪ್ರತಿಭೆ ಇಲ್ಲ ಅಂದುಕೊಂಡಿದ್ದರು. ಆಕೆಗೆ ಗಣಿತದ ಆಸಕ್ತಿಯೇ ಹೋಯಿತು. ಮರುವರ್ಷ ಹುರಿದುಂಬಿಸುವ ಬೇರೆ ಟೀಚರ್ ಸಿಕ್ಕರು. ಆಮೇಲೆ 1994 ಮತ್ತು 1995ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಯಾಡ್ ಚಿನ್ನ, ಎರಡನೆಯ ಸಲ 42ಕ್ಕೆ 42. 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ, ಅದನ್ನು ಪಡೆದ ಮೊದಲ ಮಹಿಳೆ. ಇಷ್ಟೆಲ್ಲ ಆದಮೇಲೂ ತಾನು ನಿಧಾನವಾಗಿ ಯೋಚಿಸುವವಳು ಅಂತಲೇ ಹೇಳಿಕೊಂಡಿದ್ದರು. ಮಗ್ಗಿ ಕೇಳುವ ಮಾವಂದಿರ ಮುಂದೆ ಆಕೆಯೂ ಪಾಸಾಗುತ್ತಿದ್ದರೋ ಇಲ್ಲವೋ!

ಹುಡುಗಿಯರಿಗಾಗಿಯೇ ಇಜಿಎಂಒ ಅಂತ ಒಂದು ಒಲಿಂಪಿಯಾಡ್ ಇದೆ. 2012ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಶುರುವಾಯಿತು, 2015ರಿಂದ ಭಾರತವೂ ಹೋಗುತ್ತಿದೆ. 'ಹುಡುಗಿಯರಿಗೆ ಬೇರೆ ಯಾಕೆ' ಅಂತ ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. 2024ರಲ್ಲಿ ಬ್ರಿಟನ್ನಿನ ಬಾತ್‌ನಲ್ಲಿ ನಡೆದ, ಹುಡುಗ ಹುಡುಗಿಯರಿಬ್ಬರಿಗೂ ಇರುವ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ನಮ್ಮ ತಂಡ 4 ಚಿನ್ನ, 1 ಬೆಳ್ಳಿ ತಂದು 4ನೇ ಸ್ಥಾನಕ್ಕೆ ಬಂತಲ್ಲ, ನಮಗೆಲ್ಲ ಹೆಮ್ಮೆ. ಆ ತಂಡದ ಆರೂ ಜನ ಹುಡುಗರೇ. ಉತ್ತರ ಅಲ್ಲೇ ಇದೆ.

ಹಾಸನದ ತಾಯಿ

ಎಲ್ಲರಿಗೂ ಥ್ಯಾಂಕ್ಸ್. 50 ಜನರ ಲೆಕ್ಕ ಕೊಟ್ಟಿದ್ದೇನೆ. ಮೊದಲು ಮುಖ ತಿರುಗಿಸಿದಳು, ಈಗ ಅಡುಗೆಮನೆಯಲ್ಲಿ ಬಟಾಣಿ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಾಳೆ. ಹೆಸರು ಕೊಡುವುದು ಹೇಗೆ ಅಂತ ಯಾರಾದರೂ ಹೇಳಿ.

ಬೆಂಗಳೂರು, ಸಾಫ್ಟ್‌ವೇರ್ ಕೆಲಸ

ಮೊದಲು ಒಂದು ಎಚ್ಚರಿಕೆ ಅಕ್ಕಾ. 'ಒಲಿಂಪಿಯಾಡ್' ಅಂತ ಹೆಸರಿಟ್ಟುಕೊಂಡು ಖಾಸಗಿಯವರು ನಡೆಸುವ ಪರೀಕ್ಷೆಗಳು ಬೇಕಾದಷ್ಟಿವೆ. ಅಭ್ಯಾಸಕ್ಕೆ ಬರೆಯಬಹುದು. ಆದರೆ ದೇಶದ ತಂಡಕ್ಕೆ ಹೋಗುವ ದಾರಿ ಅದಲ್ಲ. ಆ ದಾರಿಯಲ್ಲಿ ಮೊದಲು ಐಒಕ್ಯೂಎಂ, ಆಮೇಲೆ ಪ್ರಾದೇಶಿಕ ಹಂತದ ಆರ್‌ಎಂಒ, ಆಮೇಲೆ ಐಎನ್‌ಎಂಒ. ಐಒಕ್ಯೂಎಂನಲ್ಲಿ 3 ಗಂಟೆ, 30 ಪ್ರಶ್ನೆ, ಎಲ್ಲದಕ್ಕೂ ಉತ್ತರ ಒಂದು ಸಂಖ್ಯೆ. 2023ರಿಂದ 2025ರವರೆಗೆ ಸೆಪ್ಟೆಂಬರ್ ಶುರುವಿನ ಒಂದು ಭಾನುವಾರ ನಡೆದಿದೆ. ಹೆಸರು ಕೊಡುವುದು ಅದಕ್ಕೂ ಮುಂಚೆ, ಹಾಗಾಗಿ ಜೂನ್‌ನಿಂದಲೇ ಈ ಪರೀಕ್ಷೆ ನಡೆಸುವ ಗಣಿತ ಶಿಕ್ಷಕರ ಸಂಘದ (ಎಂಟಿಎ ಇಂಡಿಯಾ) ವೆಬ್‌ಸೈಟ್ ನೋಡುತ್ತಿರಿ. ನಿಮ್ಮ ಶಾಲೆ ಪರೀಕ್ಷಾ ಕೇಂದ್ರ ಅಲ್ಲದಿದ್ದರೂ ಬೇರೆ ಕೇಂದ್ರ ಆರಿಸಿಕೊಳ್ಳಬಹುದು. ಪ್ರಾರ್ಥನೆಯಲ್ಲಿ ಘೋಷಣೆ ಮಾಡಬೇಡಿ ಅಂತ ಹೆಡ್‌ಮಾಸ್ಟರ್‌ಗೆ ಒಂದು ಮಾತು ಹೇಳಿದರೆ ಸಾಕು.