ಬೆಟ್ಟದ ಬದಿಯ ವಸತಿ ಶಾಲೆಗೆ ಮಗಳನ್ನು ಸೇರಿಸುವ ಮುನ್ನ: ಅನುಭವಸ್ಥರು ಹೇಳಿದ್ದು

ಪ್ರಶ್ನೆ

ನಮ್ಮ ಮಗಳಿಗೆ ಹತ್ತು ವರ್ಷ ತುಂಬಿದೆ. ಬೆಂಗಳೂರಿನಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಬರುವ ಜೂನ್‌ನಿಂದ ಅವಳನ್ನು ಹಳ್ಳಿಗಾಡಿನ ಒಂದು ವಸತಿ ಶಾಲೆಗೆ ಸೇರಿಸುವ ಆಲೋಚನೆಯಲ್ಲಿದ್ದೇವೆ. ಪಾಠದಷ್ಟೇ ಸ್ಥಾನವನ್ನು ಸಂಗೀತಕ್ಕೂ ಕೈಕೆಲಸಕ್ಕೂ ತೋಟದ ಕೆಲಸಕ್ಕೂ ಕೊಡುವುದಾಗಿ, ಸುತ್ತಲಿನ ಗುಡ್ಡದ ಕಾಡನ್ನು ಮಕ್ಕಳ ಕೈಯಿಂದಲೇ ಉಳಿಸಿ ಬೆಳೆಸುತ್ತಿರುವುದಾಗಿ ಆ ಶಾಲೆಯವರು ಹೇಳುತ್ತಾರೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಮಗುವನ್ನು ದೂರ ಇಡುವುದು ಸರಿಯೇ, ಮುಂದೆ ಕಾಲೇಜಿನಲ್ಲಿ ಅವಳು ಓದಿನಲ್ಲಿ ಹಿಂದೆ ಬೀಳುವಳೇ, ಕಾಡು ಉಳಿಸುವ ಮಾತು ನಿಜವೋ ಅಥವಾ ಪರಿಚಯ ಪುಸ್ತಿಕೆಯ ಚಿತ್ರಗಳಿಗಷ್ಟೇ ಸೀಮಿತವೋ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬ ಮೂರು ವಿಷಯಗಳು ನಮ್ಮನ್ನು ಕಾಡುತ್ತಿವೆ. ಇಂಥ ಶಾಲೆಗಳನ್ನು ಒಳಗಿನಿಂದ ಕಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಒಬ್ಬ ತಾಯಿ

ನನ್ನ ಮಗ ಇಂಥದ್ದೇ ಒಂದು ಶಾಲೆಯಲ್ಲಿ ಆರನೇ ತರಗತಿಯಿಂದ ಹನ್ನೆರಡನೆಯವರೆಗೆ ಏಳು ವರ್ಷ ಇದ್ದ. ಬಿಟ್ಟು ಬಂದ ದಿನ ಅವನು ಅಳಲಿಲ್ಲ. ದಾರಿಯುದ್ದಕ್ಕೂ ಅತ್ತವಳು ನಾನು. ಆ ಶಾಲೆಯಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿರಲಿಲ್ಲ, ವಾರಕ್ಕೊಂದು ಪತ್ರ ಬರೆಯುವುದು ರೂಢಿ. ಮೊದಲ ಮೂರು ಪತ್ರಗಳಲ್ಲಿ ಇದ್ದದ್ದು ಯಾವಾಗ ಬರುತ್ತೀರಿ ಎಂಬ ಒಂದೇ ಸಾಲು. ನಾಲ್ಕನೆಯದು ಎರಡು ಪುಟ ತುಂಬಿತ್ತು. ಆಟದ ಮೈದಾನದ ಒಂದು ಮೂಲೆಯಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತಂತೆ. ಮೊಟ್ಟೆಗಳು ಪಕ್ಕದ ಕಲ್ಲುಗಳ ಬಣ್ಣದಲ್ಲೇ ಇದ್ದುದರಿಂದ ತುಳಿದುಬಿಡುವ ಭಯವಿತ್ತಂತೆ. ದೊಡ್ಡ ಹುಡುಗರು ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿ, ಮರಿಯಾಗುವವರೆಗೆ ಅರ್ಧ ಮೈದಾನದಲ್ಲೇ ಆಡಬೇಕೆಂದು ತೀರ್ಮಾನಿಸಿದರಂತೆ. ಹತ್ತಿರ ಹೋದವರ ತಲೆಯ ಮೇಲೆ ತಾಯಿಹಕ್ಕಿ ಹೇಗೆ ಕಿರುಚುತ್ತ ಎರಗುತ್ತದೆ ಎಂಬುದಕ್ಕೆ ಒಂದು ಚಿತ್ರವನ್ನೂ ಬರೆದಿದ್ದ. ಆ ಹಕ್ಕಿ ಕಾವು ಕೂರುವುದು ಸುಮಾರು ನಾಲ್ಕು ವಾರ. ಅಷ್ಟೂ ದಿನ ನೂರಾರು ಮಕ್ಕಳು ಅರ್ಧ ಮೈದಾನದಲ್ಲಿ ಆಡಿದರು. ಇವನು ಇಲ್ಲಿ ನೆಲೆ ನಿಂತ ಎಂಬ ಧೈರ್ಯ ನನಗೆ ಬಂದದ್ದು ಆ ಪತ್ರ ಓದಿದ ಮೇಲೆಯೇ.

ವಯಸ್ಸಿನ ಪ್ರಶ್ನೆಗೆ ಎಲ್ಲ ಮಕ್ಕಳಿಗೂ ಹೊಂದುವ ಉತ್ತರವಿಲ್ಲ. ಆದರೂ ಹತ್ತು ದಿನ ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಅಪ್ಪ ಅಮ್ಮ ಇಲ್ಲದೆ ಸಂತೋಷವಾಗಿ ಇದ್ದು ಬರುವ ಮಗು, ತನ್ನ ಬಟ್ಟೆ ತಾನೇ ಒಗೆದುಕೊಂಡು, ಹೊಟ್ಟೆ ನೋಯುತ್ತಿದೆ ಎಂದು ಹೊಸಬರ ಬಳಿಯೂ ಬಾಯಿಬಿಟ್ಟು ಹೇಳಬಲ್ಲ ಮಗು ಆರನೇ ತರಗತಿಗೆ ಸಿದ್ಧವಾಗಿದೆ ಎಂದು ನಾನು ತಿಳಿಯುತ್ತೇನೆ. ಹೊಟ್ಟೆನೋವು ಎಂದದ್ದಕ್ಕೆ ಕಾರಣವಿದೆ. ಎರಡನೇ ವರ್ಷ ನನ್ನ ಮಗನಿಗೆ ಮೂರು ದಿನ ಜ್ವರ ಬಂದು ಹೋದ ಸಂಗತಿ ನಮಗೆ ತಿಳಿದದ್ದು ವಾರದ ಅನಂತರ. ವಾರ್ಡನ್ ಚೆನ್ನಾಗಿಯೇ ನೋಡಿಕೊಂಡಿದ್ದರು, ಆದರೆ ನಮಗೆ ತಿಳಿಸಬೇಕೆಂದು ಅವರಿಗೆ ತೋಚಿರಲಿಲ್ಲ. ಆ ನೋವು ನನ್ನಲ್ಲಿ ಇಂದಿಗೂ ಇದೆ. ನೀವು ಸೇರಿಸುವ ಮೊದಲೇ ಕೇಳಿಕೊಳ್ಳಿ: ರಾತ್ರಿ ಹೊತ್ತು ನರ್ಸ್ ಇರುತ್ತಾರೆಯೇ, ಎಷ್ಟು ಜ್ವರ ಬಂದರೆ ಮನೆಗೆ ಫೋನ್ ಮಾಡುತ್ತಾರೆ, ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಸದಾ ಸಿಗುವ ಆಸ್ಪತ್ರೆ ಎಷ್ಟು ದೂರದಲ್ಲಿದೆ, ಅಲ್ಲಿಗೆ ಹೋಗಲು ನಡುರಾತ್ರಿಯಲ್ಲಿ ವಾಹನ ಸಿದ್ಧವಿರುತ್ತದೆಯೇ. ಕಲ್ಲುಗುಡ್ಡದ ಬುಡದಲ್ಲಿ ಚೇಳು, ಕೊಳಕುಮಂಡಲ ಇರುವುದು ಸಹಜ. ಟಾರ್ಚ್ ಇಲ್ಲದೆ ಕತ್ತಲಲ್ಲಿ ಹೆಜ್ಜೆ ಇಡಬಾರದು, ಬೂಟನ್ನು ಕೊಡವದೆ ಹಾಕಿಕೊಳ್ಳಬಾರದು ಎಂಬುದನ್ನು ಮೊದಲ ದಿನವೇ ಕಲಿಸುವ ಶಾಲೆಯ ಮೇಲೆ ನನಗೆ ನಂಬಿಕೆ ಹೆಚ್ಚು.

ಹಿಂದೆ ಪಾಠ ಮಾಡುತ್ತಿದ್ದವರು

ನಿಮ್ಮ ಮೂರನೇ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಇಂಥ ಒಂದು ಶಾಲೆಯಲ್ಲಿ ಎಂಟು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ, ಈಗಲೂ ಆ ಗುಡ್ಡ ನನ್ನ ಮನಸ್ಸಿನಿಂದ ಹೋಗಿಲ್ಲ.

ಶಾಲೆ ನೋಡಲು ಅಕ್ಟೋಬರ್‌ನಲ್ಲಿ ಹೋಗಬೇಡಿ. ಮಳೆ ಮುಗಿದ ಹೊತ್ತಿಗೆ ಎಲ್ಲ ಗುಡ್ಡಗಳೂ ಹಸಿರಾಗಿಯೇ ಕಾಣುತ್ತವೆ. ಮಾರ್ಚ್ ಕೊನೆಯ ವಾರ ಹೋಗಿ, ಬಾವಿಯಲ್ಲಿ ನೀರು ಎಷ್ಟಿದೆ ನೋಡಿ, ಸ್ನಾನದ ನೀರು ಎಲ್ಲಿಗೆ ಹರಿದು ಹೋಗುತ್ತದೆ ನೋಡಿ, ಹೋದ ವರ್ಷ ನೆಟ್ಟ ಸಸಿಗಳನ್ನು ತೋರಿಸಿ ಎಂದು ಒಬ್ಬ ವಿದ್ಯಾರ್ಥಿಯನ್ನೇ ಕೇಳಿ. ಶಿಕ್ಷಕರನ್ನು ಕೇಳಬೇಡಿ. ನೀರು ಹಾಕಿ ಸಾಕಿದ ಗಿಡವಾದರೆ ಯಾವುದು ಉಳಿಯಿತು, ಯಾವುದು ಸತ್ತಿತು ಎಂಬುದು ಮಗುವಿಗೆ ಗೊತ್ತಿರುತ್ತದೆ. ಪರಿಸರ ದಿನವಾದ ಜೂನ್ 5ರಂದು ಫೋಟೋಕ್ಕಾಗಿ ನೆಟ್ಟದ್ದಾದರೆ ಅದು ಇದ್ದ ಜಾಗವೂ ನೆನಪಿರುವುದಿಲ್ಲ.

ನಮ್ಮಲ್ಲಿ ಮೊದಲ ವರ್ಷ ಮಕ್ಕಳೂ ನಾವೂ ಸೇರಿ ಇಳಿಜಾರಿನಲ್ಲಿ ಮುನ್ನೂರು ಸಸಿ ನೆಟ್ಟೆವು. ಮುಂದಿನ ಮೇ ತಿಂಗಳಲ್ಲಿ ಎಣಿಸಿದಾಗ ಉಳಿದಿದ್ದದ್ದು ನಲವತ್ತೊಂದು. ಏಳನೇ ತರಗತಿಯವರು ಸತ್ತ ಒಂದೊಂದು ಗಿಡದ ಪಾತಿಯ ಬಳಿ ಕುಳಿತು, ಮೇಕೆ ತಿಂದದ್ದೋ, ಗೆದ್ದಲು ಹಿಡಿದದ್ದೋ, ಬಿಸಿಲಿಗೆ ಒಣಗಿದ್ದೋ ಎಂದು ಬರೆದುಕೊಂಡರು. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯುತ್ತಮ ವಿಜ್ಞಾನ ಪಾಠ ಅದು. ಆ ಪಟ್ಟಿಯಿಂದ ಹೊರಬಂದ ತಿಳಿವಳಿಕೆಯೆಂದರೆ, ನಾವು ನೆಡದೆ ಬಿಟ್ಟ ಪಕ್ಕದ ಜಾಗದಲ್ಲಿ, ಹಿಂದೆ ಸೌದೆಗೆ ಕಡಿದಿದ್ದ ದಿಂಡಿಗ, ಹಾಲೆ, ಬೇವಿನ ಬುಡಗಳೇ ತಾವಾಗಿ ಚಿಗುರುತ್ತಿದ್ದವು. ಅವುಗಳ ಬೇರು ಆಳಕ್ಕೆ ಇಳಿದಾಗಿತ್ತು. ಬೆಂಕಿ, ಕೊಡಲಿ, ಮೇಕೆ ಈ ಮೂರರಿಂದ ಕಾಪಾಡಿದರೆ ಅವು ನಮ್ಮ ನರ್ಸರಿಯ ಸಸಿಗಳಿಗಿಂತ ಬೇಗ ಎದ್ದು ನಿಲ್ಲುತ್ತಿದ್ದವು. ಅಂದಿನಿಂದ ನೆಡುವುದನ್ನು ಕಡಿಮೆ ಮಾಡಿ ಕಾಯುವುದನ್ನು ಹೆಚ್ಚಿಸಿದೆವು. ಮಳೆನೀರು ಓಡಿಹೋಗದಂತೆ ಕೊರಕಲುಗಳಿಗೆ ಅಡ್ಡಲಾಗಿ ಕಲ್ಲು ಜೋಡಿಸಿದೆವು.

ಲಂಟಾನದ ಕೆಲಸವನ್ನೂ ಹೇಳಬೇಕು. ಎರಡು ಶತಮಾನಗಳ ಹಿಂದೆ ಅಲಂಕಾರಕ್ಕೆಂದು ಈ ದೇಶಕ್ಕೆ ಬಂದ ಗಿಡ ಇಂದು ನಮ್ಮ ಕಾಡುಗಳ ನೆಲವನ್ನೆಲ್ಲ ಮುಚ್ಚಿದೆ. ಮೇಲೆ ಮೇಲೆ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ ಕೆಳಗೆ ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಇಡಬೇಕು. ಹಾಗೆ ಮಾಡಿದರೆ ಕೊಂಬೆಗಳು ಮಣ್ಣಿಗೆ ತಾಗಿ ಮತ್ತೆ ಬೇರು ಬಿಡುವುದಿಲ್ಲ. ಕಾಯಿ ಹಣ್ಣಾಗುವ ಮೊದಲೇ ಇದು ಮುಗಿಯಬೇಕು, ಏಕೆಂದರೆ ಪಿಕಳಾರಗಳು ಹಣ್ಣು ತಿಂದು ಬೀಜವನ್ನು ಗುಡ್ಡವಿಡೀ ಹರಡುತ್ತವೆ. ಹಾಗೆಂದು ಒಂದೇ ಸಲಕ್ಕೆ ಎಲ್ಲವನ್ನೂ ಕಿತ್ತರೆ ಅದೇ ಪಿಕಳಾರಗಳಿಗೂ ಮೊಲಗಳಿಗೂ ಅಡಗಲು ಜಾಗವಿಲ್ಲದಂತಾಗುತ್ತದೆ. ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಎಂಬ ಚರ್ಚೆಯಲ್ಲಿ ಹನ್ನೆರಡು ವರ್ಷದ ಮಕ್ಕಳು ತೋರಿಸುವ ವಿವೇಚನೆಯನ್ನು ಕಂಡು ನಾನು ಬೆರಗಾಗಿದ್ದೇನೆ.

ಇದು ದೀರ್ಘಕಾಲದ ಕೆಲಸ ಎಂಬುದಕ್ಕೆ ನಮ್ಮ ಸೀಮೆಯ ಪಕ್ಕದಲ್ಲೇ ಉದಾಹರಣೆಯಿದೆ. ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಮದನಪಲ್ಲಿಯ ಹತ್ತಿರ ಇರುವ ರಿಷಿ ವ್ಯಾಲಿ ಶಾಲೆಯ ಜಾಗವನ್ನು ತತ್ತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರು 1926ರಲ್ಲಿ ಒಂದು ದೊಡ್ಡ ಆಲದ ಮರವಿದ್ದ ಕಣಿವೆಯಲ್ಲಿ ಆರಿಸಿಕೊಂಡರು. ಬರಕ್ಕೆ ಹೆಸರಾದ ರಾಯಲಸೀಮೆಯ ನೆಲ ಅದು. ದಶಕಗಳ ಕಾಲ ಗಿಡ ನೆಟ್ಟು, ನೀರು ತಡೆದು, ಇಳಿಜಾರು ಕಾಯ್ದ ಮೇಲೆ 1991ರಲ್ಲಿ ಆ ಕಣಿವೆ ಪಕ್ಷಿಗಳ ರಕ್ಷಿತ ತಾಣವೆನಿಸಿತು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ನಂದಿಬೆಟ್ಟದಲ್ಲೂ ಕಾಣಸಿಗುವ ಹಳದಿ ಕತ್ತಿನ ಪಿಕಳಾರ ಅಲ್ಲಿದೆ. ಸಂಜೆ ಮಕ್ಕಳೆಲ್ಲರೂ ಮಾತಿಲ್ಲದೆ ಕುಳಿತು ಸೂರ್ಯ ಮುಳುಗುವುದನ್ನು ನೋಡುವ ಪದ್ಧತಿಯೂ ಅಲ್ಲಿದೆ, ಅದನ್ನು ಅಸ್ತಾಚಲ ಎನ್ನುತ್ತಾರೆ. ಸಮಗ್ರ ಶಿಕ್ಷಣ ಎಂಬ ದೊಡ್ಡ ಪದದ ಅರ್ಥ ನನಗೆ ಹೊಳೆಯುವುದು ಇಂಥ ಚಿಕ್ಕ ಪದ್ಧತಿಗಳಲ್ಲಿ.

ಇನ್ನೊಂದು ಅಂಶವನ್ನು ತಪ್ಪದೆ ವಿಚಾರಿಸಿ. ಶಾಲೆಯ ಬೇಲಿಯ ಆಚೆಗಿನ ಹಳ್ಳಿಯವರ ಜೊತೆ ಅದರ ಸಂಬಂಧ ಹೇಗಿದೆ? ಗುಡ್ಡವನ್ನು ಮೇಕೆಗಳಿಂದ ಕಾಯುವುದೆಂದರೆ ಯಾರದೋ ಮೇವನ್ನು ನಿಲ್ಲಿಸುವುದು. ನಾವು ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಯ್ಯಲು ಹಳ್ಳಿಯವರಿಗೆ ಬಿಟ್ಟೆವು. ಬೆಂಕಿ ಬಿದ್ದ ರಾತ್ರಿ ಸೊಪ್ಪಿನ ಕೊಂಬೆ ಹಿಡಿದು ಮೊದಲು ಓಡಿಬಂದವರು ಅವರೇ. ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಯ ಮಕ್ಕಳಿಗಾಗಿ ಚಿಕ್ಕ ಶಾಲೆಗಳನ್ನು ನಡೆಸುತ್ತ, ಒಂದೇ ಕೊಠಡಿಯಲ್ಲಿ ಹಲವು ತರಗತಿಯವರು ಕಾರ್ಡುಗಳ ನೆರವಿನಿಂದ ತಮ್ಮ ವೇಗದಲ್ಲಿ ಕಲಿಯುವ ವಿಧಾನವನ್ನು ರೂಪಿಸಿದರು. ಅದನ್ನು ನೋಡಿ ಬಂದ ನಮ್ಮ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರಿಂದಲೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಮೂಲಕ ಕಲಿಯುವ ಪದ್ಧತಿ ಆರಂಭವಾಯಿತು. ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೇ ತರಗತಿಯ ಮಕ್ಕಳು ಇಂದು ಕಲಿಯುವ ರೀತಿಯಲ್ಲಿ ಆ ಕಣಿವೆಯ ಪಾಲೂ ಇದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಒಬ್ಬ ಹಳೆಯ ವಿದ್ಯಾರ್ಥಿನಿ

ಓದಿನ ಬಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ನಾನು ಓದಿದ ವಸತಿ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ಅಂಕಪಟ್ಟಿ ಇರಲಿಲ್ಲ, ಶಿಕ್ಷಕರು ಪ್ರತಿಯೊಬ್ಬರ ಬಗ್ಗೆಯೂ ಪುಟಗಟ್ಟಲೆ ಬರೆದು ಕಳುಹಿಸುತ್ತಿದ್ದರು. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಬಂದಾಗ ಸ್ವಲ್ಪ ತಡವರಿಸಿದೆವು, ಆರು ತಿಂಗಳಲ್ಲಿ ಸುಧಾರಿಸಿಕೊಂಡೆವು. ಆದರೆ ನೀಟ್, ಜೆಇಇ ಬರೆಯಲೇಬೇಕೆಂಬ ಗುರಿ ಇದ್ದವರಿಗೆ ಹನ್ನೊಂದನೇ ತರಗತಿಯಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ಕೋಚಿಂಗ್ ಬೇಕೆಂದರೆ ಪಟ್ಟಣಕ್ಕೆ ಬರಲೇಬೇಕು. ನನ್ನ ತರಗತಿಯ ಕೆಲವರು ಹತ್ತರ ನಂತರ ಹೊರಟುಹೋದರು. ಅದನ್ನು ಸೋಲೆಂದು ಯಾರೂ ತಿಳಿಯಬೇಕಾಗಿಲ್ಲ.

ನನಗೆ ಉಳಿದಿರುವ ಕೊರತೆ ಬೇರೆಯದು. ಇಂಥ ಶಾಲೆಗಳಲ್ಲಿ ಬೋಧನೆ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ನಡೆಯುತ್ತದೆ, ದೇಶದ ನಾನಾ ಕಡೆಯ ಮಕ್ಕಳು ಒಟ್ಟಿಗೆ ಇರುವುದರಿಂದ ಆಟದಲ್ಲೂ ಅದೇ ಭಾಷೆ. ಹದಿನೈದನೇ ವಯಸ್ಸಿಗೆ ನಾನು ಕನ್ನಡ ಪುಸ್ತಕವನ್ನು ತಡೆತಡೆದು ಓದುವ ಸ್ಥಿತಿಗೆ ಬಂದಿದ್ದೆ. ನೂರು ಹಕ್ಕಿಗಳ ಇಂಗ್ಲಿಷ್ ಹೆಸರು ಗೊತ್ತಿದ್ದ ನನಗೆ ಮಡಿವಾಳ, ನವರಂಗ, ಮಿಂಚುಳ್ಳಿ ಎಂಬ ಹೆಸರುಗಳನ್ನು ಕಲಿಸಿದವರು ರಜೆಯಲ್ಲಿ ನಮ್ಮ ತಾತ. ನಿಮ್ಮ ಮಗಳಿಗೆ ನೀವು ಬರೆಯುವ ಪತ್ರಗಳು ಕನ್ನಡದಲ್ಲೇ ಇರಲಿ, ಅವಳೂ ಕನ್ನಡದಲ್ಲೇ ಉತ್ತರಿಸಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಶುಲ್ಕದ ಬಗ್ಗೆಯೂ ಕೇಳಬೇಕಿತ್ತು. ವರ್ಷಕ್ಕೆ ಹಲವು ಲಕ್ಷ ರೂಪಾಯಿ ಎಂದು ತಿಳಿದು ಮನೆಯಲ್ಲಿ ಮತ್ತೆ ಚರ್ಚೆ ಶುರುವಾಗಿದೆ.

ಮೊದಲು ಬರೆದ ತಾಯಿ

ಶುಲ್ಕದ ಜೊತೆಗೆ ಠೇವಣಿ, ಪ್ರವಾಸ, ಓಡಾಟದ ಖರ್ಚನ್ನೂ ಲೆಕ್ಕ ಹಾಕಿ. ಶುಲ್ಕ ರಿಯಾಯಿತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಾವು ಎರಡು ವರ್ಷ ಅರ್ಧ ಶುಲ್ಕದಲ್ಲಿ ನಡೆಸಿದ್ದೇವೆ. ಸಾಲ ಮಾಡಿ ಸೇರಿಸುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಮಕ್ಕಳಿಗೆ ಆ ಭಾರ ತಿಳಿದೇ ತಿಳಿಯುತ್ತದೆ. ಜವಾಹರ ನವೋದಯ ವಿದ್ಯಾಲಯಗಳಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಇರುತ್ತದೆ, ಗ್ರಾಮೀಣ ಮಕ್ಕಳಿಗೆ ಅಲ್ಲಿ ಹೆಚ್ಚಿನ ಸ್ಥಾನಗಳು ಮೀಸಲು. ಬೆಟ್ಟ ಕಾಯುವ ಕೆಲಸ ಅಲ್ಲಿ ಇರಲಿಕ್ಕಿಲ್ಲ, ಆದರೆ ಹಾಸ್ಟೆಲ್ ಜೀವನದ ಗುಣಗಳು ಅಲ್ಲಿಯೂ ದೊರೆಯುತ್ತವೆ. ಎಲ್ಲಕ್ಕಿಂತ ಮೊದಲು ಮಗಳನ್ನು ಕರೆದುಕೊಂಡು ಹೋಗಿ ಎರಡು ದಿನ ಇದ್ದು ಬನ್ನಿ.

ಪ್ರಶ್ನೆ ಕೇಳಿದವರು, ಏಪ್ರಿಲ್‌ನಲ್ಲಿ

ಮಾರ್ಚ್ 28ಕ್ಕೆ ಹೋಗಿ ಬಂದೆವು. ಬಾವಿಯಲ್ಲಿ ನೀರು ತಳ ಕಂಡಿತ್ತು, ಆದರೂ ಅಡುಗೆಮನೆಯ ನೀರು ಬಾಳೆಯ ಪಾತಿಗಳ ಮೂಲಕ ಹಾದು ಕೈತೋಟಕ್ಕೆ ಹೋಗುತ್ತಿತ್ತು. ತಾವು ಹೇಳಿದಂತೆ ಒಬ್ಬ ಹುಡುಗನನ್ನು ಸಸಿ ತೋರಿಸು ಎಂದು ಕೇಳಿದೆ. ಎಂಟನೇ ತರಗತಿಯ ಆ ಹುಡುಗ ನಮ್ಮನ್ನು ಇಳಿಜಾರಿಗೆ ಕರೆದೊಯ್ದು, ಒಣಗಿ ಕಡ್ಡಿಯಾಗಿದ್ದ ಒಂದು ಹೊಂಗೆ ಗಿಡದ ಮುಂದೆ ಕುಳಿತು, ಉಗುರಿನಿಂದ ತೊಗಟೆಯನ್ನು ಚೂರೇ ಕೆರೆದು ಒಳಗಿನ ಹಸಿರನ್ನು ಮಗಳಿಗೆ ತೋರಿಸಿದ. ಅದು ಸತ್ತಿಲ್ಲ, ಮೊದಲ ಮಳೆಗೆ ಚಿಗುರುತ್ತದೆ ಎಂದ. ಪಕ್ಕದ ಎರಡು ಗಿಡಗಳನ್ನು ತಾನೇ ನೀರು ಹಾಕಲು ಮರೆತು ಕಳೆದುಕೊಂಡೆ ಎಂದೂ ಹೇಳಿದ. ಮಗಳು ಅಲ್ಲಿದ್ದ ಎಲ್ಲ ಕಡ್ಡಿಗಳನ್ನೂ ಕೆರೆದು ನೋಡಿದಳು.

ಎರಡನೇ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ನನ್ನ ಕೈ ಹಿಡಿದುಕೊಂಡೇ ಮಲಗಿದ್ದಳು. ಬರುವಾಗ ಬಸ್ಸಿನಲ್ಲಿ, ಇಲ್ಲಿಗೆ ಬರುತ್ತೇನೆ, ಆದರೆ ಈ ವರ್ಷ ಬೇಡ, ಏಳನೇ ತರಗತಿಗೆ ಬರುತ್ತೇನೆ ಎಂದಳು. ಶಾಲೆಯವರಿಗೆ ಹಾಗೆಯೇ ಪತ್ರ ಬರೆದಿದ್ದೇವೆ. ಜುಲೈನಲ್ಲಿ ಆ ಹೊಂಗೆ ಚಿಗುರಿತೇ ಎಂದು ತಿಳಿಸುವಂತೆ ಅವಳು ಆ ಹುಡುಗನಿಗೆ ಬೇರೆಯಾಗಿ ಒಂದು ಪತ್ರ ಬರೆದಿದ್ದಾಳೆ, ಕನ್ನಡದಲ್ಲೇ.