ಗ್ರಾಮಿ: ಪರಿಗಣನೆಗೆ ಹೋದ ಆಲ್ಬಮ್‌ಗಳೆಲ್ಲ ನಾಮನಿರ್ದೇಶನಗೊಂಡಂತೆಯೇ?

ಪ್ರಶ್ನೆ: ಸುಗಮ ಸಂಗೀತ ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸಂಗೀತ ಬಳಗವೊಂದು ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಭಾವಗೀತೆಗಳ ಕಾರ್ಯಕ್ರಮವನ್ನು ಏರ್ಪಡಿಸುತ್ತಿದ್ದು, ಆಹ್ವಾನ ಪತ್ರಿಕೆಯ ಕರಡನ್ನು ತಿದ್ದಿಕೊಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಅತಿಥಿಗಳಾಗಿ ಬರಲಿರುವ ಕೊಳಲು ವಾದಕರೊಬ್ಬರ ಹೆಸರಿನ ಕೆಳಗೆ ‘ಗ್ರಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡವರು’ ಎಂದು ಬರೆದಿದ್ದಾರೆ. ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಅವರು ಕೊಳಲು ನುಡಿಸಿದ್ದ ಆಲ್ಬಮ್ ಒಂದನ್ನು ಆ ವರ್ಷದ ಪರಿಗಣನೆಗೆ ಕಳುಹಿಸಲಾಗಿತ್ತು. ಆ ವಾದಕರು ತಮ್ಮನ್ನು ಹಾಗೆ ಕರೆದುಕೊಂಡವರಲ್ಲ. ಅಭಿಮಾನದಿಂದ ಸೇರಿಸಿದವರು ನಮ್ಮ ಬಳಗದವರೇ. ಆದರೆ ಅಚ್ಚಾದ ಮೇಲೆ ಯಾರಾದರೂ ಆಕ್ಷೇಪಿಸಿದರೆ ಮುಜುಗರಕ್ಕೆ ಒಳಗಾಗುವವರು ಅವರು ಎಂಬುದು ನನ್ನ ಚಿಂತೆ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಗ್ರಾಮಿಗೆ ಕಳುಹಿಸುವುದು, ನಾಮನಿರ್ದೇಶನ, ಪ್ರಶಸ್ತಿ ಈ ಹಂತಗಳ ನಡುವೆ ಏನೇನು ನಡೆಯುತ್ತದೆ? ತೀರ್ಮಾನಿಸುವವರು ಯಾರು? ಪ್ರಶಸ್ತಿ ಹುಟ್ಟಿದ್ದು ಹೇಗೆ, ಇಂಗ್ಲಿಷ್ ಅಲ್ಲದ ಹಾಡುಗಳಿಗೆ ಅಲ್ಲಿ ಜಾಗವಿದೆಯೇ ಎಂಬುದನ್ನೂ ವಿವರಿಸಿದರೆ, ನನ್ನ ವಿದ್ಯಾರ್ಥಿಗಳಿಗೂ ಸರಿಯಾಗಿ ಹೇಳಬಲ್ಲೆ.

ಉತ್ತರ: ಧ್ವನಿಮುದ್ರಣ ತಂತ್ರಜ್ಞ, ತುಮಕೂರು

ಮೇಡಂ, ಅಚ್ಚಿಗೆ ಹೋಗುವ ಮುನ್ನವೇ ಕೇಳಿದ್ದು ಒಳ್ಳೆಯದಾಯಿತು. ನೀವು ಹೇಳಿದ ಮಟ್ಟಿಗೆ ಅದು ನಾಮನಿರ್ದೇಶನವಲ್ಲ, ಪ್ರವೇಶ ಮಾತ್ರ. ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

ಗ್ರಾಮಿಯನ್ನು ಕೊಡುವುದು ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿ. ಅದು ಸರ್ಕಾರಿ ಸಂಸ್ಥೆಯಲ್ಲ. ಗಾಯಕರು, ವಾದಕರು, ಗೀತರಚನಕಾರರು, ನಿರ್ಮಾಪಕರು, ನಮ್ಮಂಥ ಧ್ವನಿಮುದ್ರಣದವರು ಸೇರಿರುವ ವೃತ್ತಿನಿರತರ ಸಂಘ. ನಮ್ಮ ರಾಜ್ಯ ಚಲನಚಿತ್ರ ಪ್ರಶಸ್ತಿಗೆ ಸರ್ಕಾರ ನೇಮಿಸಿದ ಸಮಿತಿಯೊಂದು ಚಿತ್ರಗಳನ್ನು ನೋಡಿ, ಚರ್ಚಿಸಿ ಹೆಸರುಗಳನ್ನು ಅಖೈರು ಮಾಡುತ್ತದೆ. ಗ್ರಾಮಿಯ ಅಂತಿಮ ಆಯ್ಕೆಯಲ್ಲಿ ಅಂಥ ಸಮಿತಿಗೆ ಜಾಗವಿಲ್ಲ. ಮತದಾನದ ಹಕ್ಕುಳ್ಳ ಸಾವಿರಾರು ಸದಸ್ಯರು ಅವರವರ ಮನೆಯಲ್ಲಿ, ಅವರವರ ಸ್ಟುಡಿಯೋದಲ್ಲಿ ಹಾಡು ಕೇಳಿ ಮತ ಹಾಕುತ್ತಾರೆ. ಆ ಹಕ್ಕು ಕೇಳುಗರಿಗಿಲ್ಲ, ಪತ್ರಕರ್ತರಿಗೂ ಇಲ್ಲ. ಅದು ಸಿಗಬೇಕಾದರೆ ವಾಣಿಜ್ಯವಾಗಿ ಬಿಡುಗಡೆಯಾದ ಕನಿಷ್ಠ 12 ಟ್ರ್ಯಾಕ್‌ಗಳಲ್ಲಿ ಕೆಲಸ ಮಾಡಿ ಹೆಸರು ದಾಖಲಾಗಿರಬೇಕು, ಅವುಗಳಲ್ಲಿ ಕೆಲವಾದರೂ ಇತ್ತೀಚಿನವಾಗಿರಬೇಕು, ಜೊತೆಗೆ ಅದೇ ವೃತ್ತಿಯವರ ಶಿಫಾರಸು ಬೇಕು.

ಮೊದಲ ಹಂತ ಪ್ರವೇಶ. ರೆಕಾರ್ಡ್ ಕಂಪನಿಗಳೂ ಅಕಾಡೆಮಿಯ ಸದಸ್ಯರೂ ಶುಲ್ಕ ಕಟ್ಟಿ, ಆಯಾ ವರ್ಷಕ್ಕೆ ಗೊತ್ತುಪಡಿಸಿದ ಅವಧಿಯಲ್ಲಿ ಬಿಡುಗಡೆಯಾದ ಹಾಡುಗಳನ್ನೂ ಆಲ್ಬಮ್‌ಗಳನ್ನೂ ಸಲ್ಲಿಸುತ್ತಾರೆ. ಉದಾಹರಣೆಗೆ, 2025ರ ಫೆಬ್ರುವರಿಯಲ್ಲಿ ನಡೆದ ಸಮಾರಂಭಕ್ಕೆ 2023ರ ಸೆಪ್ಟೆಂಬರ್ 16ರಿಂದ 2024ರ ಆಗಸ್ಟ್ 30ರವರೆಗೆ ಹೊರಬಂದವು ಮಾತ್ರ ಅರ್ಹವಾಗಿದ್ದವು. ಅನಂತರ ಆಯಾ ಪ್ರಕಾರವನ್ನು ಬಲ್ಲವರು ಕುಳಿತು, ಸಲ್ಲಿಸಿದ್ದು ನಿಯಮಕ್ಕೆ ಒಳಪಟ್ಟಿದೆಯೇ, ಸರಿಯಾದ ವಿಭಾಗದಲ್ಲಿ ಇದೆಯೇ ಎಂದು ಪರಿಶೀಲಿಸುತ್ತಾರೆ. ಹಾಡು ಚೆನ್ನಾಗಿದೆಯೇ ಇಲ್ಲವೇ ಎಂದು ಹೇಳುವುದು ಅವರ ಕೆಲಸವಲ್ಲ. ಇಲ್ಲಿ ತೇರ್ಗಡೆಯಾದವೆಲ್ಲ ಮೊದಲ ಸುತ್ತಿನ ಮತಪತ್ರಕ್ಕೆ ಬರುತ್ತವೆ, ಮತ್ತು ಜನಪ್ರಿಯ ವಿಭಾಗಗಳಲ್ಲಿ ಆ ಪಟ್ಟಿ ನೂರಾರು ಹೆಸರುಗಳಷ್ಟು ಉದ್ದವಿರುತ್ತದೆ. ನಿಮ್ಮ ಅತಿಥಿಗಳು ಕೊಳಲು ನುಡಿಸಿದ ಆಲ್ಬಮ್ ತಲುಪಿದ್ದು ಬಹುಶಃ ಈ ಪಟ್ಟಿಯನ್ನು.

ಮೊದಲ ಸುತ್ತಿನ ಮತದಾನ ಮುಗಿದಾಗ ಹೆಚ್ಚಿನ ವಿಭಾಗಗಳಲ್ಲಿ 5, ವರ್ಷದ ಆಲ್ಬಮ್, ವರ್ಷದ ಹಾಡು ಮುಂತಾದ ನಾಲ್ಕು ದೊಡ್ಡ ವಿಭಾಗಗಳಲ್ಲಿ 8 ಹೆಸರುಗಳು ಉಳಿಯುತ್ತವೆ. ಹೀಗೆ ಉಳಿದವರು ಮಾತ್ರ ನಾಮನಿರ್ದೇಶಿತರು. ಅವರಲ್ಲಿ ಒಬ್ಬರನ್ನು ಆರಿಸಲು ಸದಸ್ಯರು ಎರಡನೆಯ ಸುತ್ತಿನಲ್ಲಿ ಮತ್ತೆ ಮತ ಹಾಕುತ್ತಾರೆ. ಎಣಿಕೆಯ ಕೆಲಸ ಡೆಲಾಯ್ಟ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯದು. ಲಕೋಟೆ ಒಡೆಯುವವರೆಗೆ ಫಲಿತಾಂಶ ಅಕಾಡೆಮಿಯವರಿಗೂ ಗೊತ್ತಿರುವುದಿಲ್ಲ.

ಪರಿಶೀಲಿಸುವುದು ಸುಲಭ. ಪ್ರತಿ ವರ್ಷ, ಪ್ರತಿ ವಿಭಾಗದ ನಾಮನಿರ್ದೇಶಿತರ ಪಟ್ಟಿಯನ್ನು ಅಕಾಡೆಮಿ ಬಹಿರಂಗವಾಗಿ ಪ್ರಕಟಿಸುತ್ತದೆ. ಅಲ್ಲಿ ಹೆಸರಿದ್ದರೆ ಧೈರ್ಯವಾಗಿ ಅಚ್ಚು ಹಾಕಿಸಿ. ಇಲ್ಲದಿದ್ದರೆ ಆ ಸಾಲನ್ನು ತೆಗೆಯಿರಿ. ಶುಲ್ಕ ಕಟ್ಟಿ ನಿಯಮ ಪಾಲಿಸಿದವರೆಲ್ಲರೂ ತಲುಪುವ ಹಂತವನ್ನು ಬಿರುದಿನಂತೆ ಬರೆದರೆ, ನಿಜವಾಗಿ ಆ ಐವರಲ್ಲಿ ಒಬ್ಬರಾದವರ ಸಾಧನೆಗೆ ಬೆಲೆ ಇಲ್ಲದಂತಾಗುತ್ತದೆ. ನಮ್ಮ ಕಡೆಯ ಸುದ್ದಿಗಳಲ್ಲಿ ಈ ಬೆರಕೆ ಮತ್ತೆ ಮತ್ತೆ ಕಾಣುತ್ತಿರುವುದರಿಂದ ಇಷ್ಟು ವಿವರವಾಗಿ ಬರೆದೆ.

ಉತ್ತರ: ನಿವೃತ್ತ ಉಪನ್ಯಾಸಕ, ತಿಪಟೂರು

ಪ್ರಶಸ್ತಿಯ ಹುಟ್ಟಿನ ವಿಚಾರವನ್ನು ನಾನು ಸೇರಿಸುತ್ತೇನೆ. 1950ರ ದಶಕದಲ್ಲಿ ಹಾಲಿವುಡ್‌ನ ಕಾಲುದಾರಿಯಲ್ಲಿ ಖ್ಯಾತನಾಮರ ಹೆಸರಿನ ನಕ್ಷತ್ರಗಳನ್ನು ಕೂರಿಸುವ ಯೋಜನೆ ಶುರುವಾದಾಗ, ಸಂಗೀತ ಕ್ಷೇತ್ರದ ಹೆಸರುಗಳನ್ನು ಸೂಚಿಸುವ ಕೆಲಸ ಕೆಲವು ರೆಕಾರ್ಡ್ ಕಂಪನಿಗಳ ಮುಖ್ಯಸ್ಥರಿಗೆ ಬಂತು. ಯೋಗ್ಯರಾದ ಎಷ್ಟೋ ಕಲಾವಿದರಿಗೆ ಆ ದಾರಿಯಲ್ಲಿ ಎಂದಿಗೂ ನಕ್ಷತ್ರ ದೊರೆಯಲಾರದು ಎಂದು ಕಂಡದ್ದರಿಂದ, ಧ್ವನಿಮುದ್ರಣ ಕಲೆಗೇ ಮೀಸಲಾದ ಗೌರವವೊಂದು ಬೇಕು ಎಂದು ಅವರು 1957ರಲ್ಲಿ ಅಕಾಡೆಮಿಯನ್ನು ಕಟ್ಟಿದರು. ಗ್ರಾಮಫೋನ್ ಎಂಬುದರಿಂದ ಗ್ರಾಮಿ ಎಂಬ ಹೆಸರು ಬಂತು. ಸ್ಮರಣಿಕೆಯೂ ಕಹಳೆಯಿರುವ ಹಳೆಯ ಗ್ರಾಮಫೋನಿನ ಪ್ರತಿರೂಪವೇ. ಕೊಲರಾಡೊ ರಾಜ್ಯದ ರಿಜ್‌ವೇ ಎಂಬ ಪುಟ್ಟ ಊರಿನಲ್ಲಿ ಜಾನ್ ಬಿಲ್ಲಿಂಗ್ಸ್ ಅವರ ಕಾರ್ಖಾನೆಯ ಕುಶಲಕರ್ಮಿಗಳು ಸತು ಬೆರೆತ ಲೋಹವನ್ನು ಅಚ್ಚಿಗೆ ಹೊಯ್ದು, ಅರದಿಂದ ಉಜ್ಜಿ, ಬಿಡಿಭಾಗಗಳನ್ನು ಕೈಯಿಂದಲೇ ಜೋಡಿಸಿ, ಚಿನ್ನದ ಲೇಪ ಕೊಡುತ್ತಾರೆ. ವೇದಿಕೆಯ ಮೇಲೆ ಕೈಗೆ ಕೊಡುವುದು ಹೆಸರಿಲ್ಲದ ಮಾದರಿ. ವಿಜೇತರು ಯಾರೆಂದು ಮುಂಚಿತವಾಗಿ ತಿಳಿಯದ ಕಾರಣ, ಹೆಸರು ಕೆತ್ತಿದ ನಿಜವಾದ ಸ್ಮರಣಿಕೆ ಅನಂತರ ಮನೆಗೆ ತಲುಪುತ್ತದೆ.

ಮೊದಲ ಸಮಾರಂಭ ನಡೆದದ್ದು 1959ರ ಮೇ 4ರಂದು, ಬೆವರ್ಲಿ ಹಿಲ್ಸ್ ಮತ್ತು ನ್ಯೂಯಾರ್ಕ್ ಎರಡೂ ಕಡೆ ಏಕಕಾಲದಲ್ಲಿ. ಆಗ ಇದ್ದ ವಿಭಾಗಗಳು 28. ಮೇಡಂ ಕೇಳಿದ ಭಾಷೆಯ ಪ್ರಶ್ನೆಗೆ ಆ ಮೊದಲ ರಾತ್ರಿಯೇ ಉತ್ತರ ದೊರೆಯಿತು: ವರ್ಷದ ರೆಕಾರ್ಡ್ ಮತ್ತು ವರ್ಷದ ಹಾಡು ಎರಡೂ ಪ್ರಶಸ್ತಿಗಳು ಡೊಮೆನಿಕೊ ಮೊದುನ್ಯೊ ಹಾಡಿದ, ‘ವೊಲಾರೆ’ ಎಂದು ಪ್ರಸಿದ್ಧವಾದ ಇಟಾಲಿಯನ್ ಗೀತೆಗೆ ಸಂದವು. ಭಾಷೆ ಅಲ್ಲಿ ನಿಯಮದ ಅಡ್ಡಿಯಲ್ಲ. ಆದರೂ ಆ ಭಾಷೆಯ ಹಾಡನ್ನು ಕೇಳಿದ ಮತದಾರರು ಎಷ್ಟು ಜನ ಇದ್ದಾರೆ ಎಂಬುದೇ ಕೊನೆಗೆ ನಿರ್ಣಾಯಕವಾಗುತ್ತದೆ, ಮತ್ತು ಪ್ರಶಸ್ತಿಯ ಬಲಹೀನತೆ ಇರುವುದೂ ಇಲ್ಲೇ ಎಂದು ನಾನು ತಿಳಿದಿದ್ದೇನೆ.

ಅದಕ್ಕೆ ಸಾಕ್ಷಿ 1989ರದು. ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆ ಮೊದಲ ಬಾರಿಗೆ ವಿಭಾಗ ತೆರೆದಾಗ ಮೆಟಾಲಿಕಾ ತಂಡಕ್ಕೇ ಬರುವುದೆಂದು ಎಲ್ಲರೂ ನಂಬಿದ್ದ ಪ್ರಶಸ್ತಿ, ಕೊಳಲಿಗಾಗಿ ಹೆಸರಾದ ಜೆಥ್ರೊ ಟಲ್ ತಂಡದ ಪಾಲಾಯಿತು. ಆ ಪ್ರಕಾರದ ಒಡನಾಟವಿಲ್ಲದವರು ಪರಿಚಿತ ಹೆಸರನ್ನು ಕಂಡು ಮತ ಹಾಕಿದರೆಂಬ ಟೀಕೆ ಇಂದಿಗೂ ಕೇಳಿಬರುತ್ತದೆ. ಅದೇ ವರ್ಷ ರ‍್ಯಾಪ್ ಸಂಗೀತಕ್ಕೂ ಮೊದಲ ಪ್ರಶಸ್ತಿ ಬಂತು. ಅದನ್ನು ದೂರದರ್ಶನ ಪ್ರಸಾರದಲ್ಲಿ ತೋರಿಸುವುದಿಲ್ಲ ಎಂದಾಗ ವಿಜೇತರೂ ಸೇರಿದಂತೆ ಹಲವರು ಸಮಾರಂಭಕ್ಕೆ ಬಹಿಷ್ಕಾರ ಹಾಕಿದರು. 1990ರಲ್ಲಿ ಹೊಸ ಕಲಾವಿದರ ಪ್ರಶಸ್ತಿ ಪಡೆದ ಮಿಲಿ ವನಿಲಿ ಜೋಡಿ ತಮ್ಮ ಆಲ್ಬಮಿನಲ್ಲಿ ತಾವು ಹಾಡಿಯೇ ಇಲ್ಲ ಎಂಬುದು ಬಯಲಾಗಿ, ಪ್ರಶಸ್ತಿಯನ್ನು ಅಕಾಡೆಮಿ ಹಿಂದಕ್ಕೆ ಪಡೆಯಿತು.

ಸದಸ್ಯರ ಮತದ ದೋಷವನ್ನು ಸರಿಪಡಿಸಲೆಂದು, ಮೊದಲ ಸುತ್ತಿನಲ್ಲಿ ಮುಂದಿದ್ದವರ ಪಟ್ಟಿಯಿಂದ ನಾಮನಿರ್ದೇಶಿತರನ್ನು ಆರಿಸುವ ಗುಪ್ತ ಸಮಿತಿಗಳನ್ನು ಹಲವು ವಿಭಾಗಗಳಿಗೆ ಅಕಾಡೆಮಿ ನೇಮಿಸಿತು. ಮದ್ದೇ ರೋಗವಾಯಿತು. ಸಮಿತಿಯಲ್ಲಿ ಯಾರಿದ್ದಾರೆಂದು ಹೊರಗಿನವರಿಗೆ ತಿಳಿಯದ ಕಾರಣ ಅನುಮಾನ ಬೆಳೆಯುತ್ತ ಹೋಗಿ, 2020ರ ಕೊನೆಗೆ ಆ ವರ್ಷದ ಅತಿ ಜನಪ್ರಿಯ ಗಾಯಕರಲ್ಲಿ ಒಬ್ಬರಾದ ದಿ ವೀಕೆಂಡ್ ಅವರಿಗೆ ಒಂದೂ ನಾಮನಿರ್ದೇಶನ ಬಾರದಿದ್ದಾಗ ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು. 2021ರಲ್ಲಿ ಆ ಗುಪ್ತ ಸಮಿತಿಗಳನ್ನು ರದ್ದುಪಡಿಸಿ, ಕೆಲವು ತಾಂತ್ರಿಕ ವಿಭಾಗಗಳಿಗೆ ಮಾತ್ರ ಸಮಿತಿ ಉಳಿಸಿಕೊಂಡರು. ಬಲ್ಲ ಕ್ಷೇತ್ರಕ್ಕೆ ಮಾತ್ರ ಮತ ಹಾಕಲಿ ಎಂದು, ವರ್ಷದ ಆಲ್ಬಮ್‌ನಂಥ ಸರ್ವಸಾಮಾನ್ಯ ವಿಭಾಗಗಳನ್ನು ಬಿಟ್ಟು ಉಳಿದವುಗಳಲ್ಲಿ ಒಬ್ಬ ಸದಸ್ಯರಿಗೆ ಹೆಚ್ಚೆಂದರೆ ಮೂರು ಕ್ಷೇತ್ರಗಳ 10 ವಿಭಾಗಗಳ ಮಿತಿ ಹಾಕಿದ್ದಾರೆ. ಗುಪ್ತ ಸಮಿತಿಗಿಂತ ಇದು ಮೇಲು.

ಉತ್ತರ: ಸಂಗೀತಾಸಕ್ತೆ, ಗುಬ್ಬಿ

ಮೇಷ್ಟ್ರು ಬರೆದದ್ದರ ಮುಂದುವರಿಕೆಯಾಗಿ ನಮ್ಮ ದೇಶದವರ ವಿಚಾರವನ್ನು ಹೇಳುತ್ತೇನೆ. ಪಾಶ್ಚಾತ್ಯ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರೊಂದಿಗೆ ಮಾಡಿದ ‘ವೆಸ್ಟ್ ಮೀಟ್ಸ್ ಈಸ್ಟ್’ ಆಲ್ಬಮಿಗಾಗಿ ಪಂಡಿತ್ ರವಿಶಂಕರ್ ಅವರು 1968ರಲ್ಲಿ ಗ್ರಾಮಿ ಪಡೆದರು. ವಿಶ್ವ ಸಂಗೀತಕ್ಕೆ ಪ್ರತ್ಯೇಕ ವಿಭಾಗ ಇನ್ನೂ ಇಲ್ಲದ ಕಾಲವಾದ್ದರಿಂದ ಅದು ಬಂದದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಛೇಂಬರ್ ಮ್ಯೂಸಿಕ್ (ಕೆಲವೇ ವಾದಕರ ಸಣ್ಣ ಗುಂಪಿನ ಸಂಗೀತ) ವಿಭಾಗದಲ್ಲಿ. 1992ರಲ್ಲಿ ವಿಶ್ವ ಸಂಗೀತಕ್ಕೆ ಕೊಟ್ಟ ಮೊದಲ ಪ್ರಶಸ್ತಿಯೇ ಅಮೆರಿಕದ ಡ್ರಮ್ ವಾದಕ ಮಿಕಿ ಹಾರ್ಟ್ ಅವರ ‘ಪ್ಲಾನೆಟ್ ಡ್ರಮ್’ ಆಲ್ಬಮಿಗೆ ಸಂದಿತು. ಅದರಲ್ಲಿ ಝಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟ ಎರಡೂ ಇವೆ. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ, ಎ.ಆರ್. ರೆಹಮಾನ್ ಅವರಿಗೆ 2010ರಲ್ಲಿ ಬಂತು. ಬೆಂಗಳೂರಿನ ರಿಕಿ ಕೇಜ್ 2015, 2022 ಮತ್ತು 2023ರಲ್ಲಿ ಮೂರು ಬಾರಿ ಗೆದ್ದಿದ್ದಾರೆ. 2024ರಲ್ಲಿ ‘ಶಕ್ತಿ’ ತಂಡಕ್ಕೆ ಪ್ರಶಸ್ತಿ ಬಂದ ರಾತ್ರಿ ಝಾಕಿರ್ ಹುಸೇನ್ ಒಬ್ಬರೇ ಮೂರು ಗ್ರಾಮಿಗಳನ್ನು ಪಡೆದರು.

ಇವರಲ್ಲಿ ಹಲವರು ಪ್ರಶಸ್ತಿ ಸ್ವೀಕರಿಸಿದ್ದನ್ನು ಮುಖ್ಯ ಪ್ರಸಾರದಲ್ಲಿ ನೋಡಲಿಲ್ಲವೆಂದು ನಮ್ಮ ಕಡೆಯವರು ನೊಂದುಕೊಳ್ಳುವುದುಂಟು. ಈಗ 90ಕ್ಕೂ ಹೆಚ್ಚು ವಿಭಾಗಗಳಿದ್ದು, ಬಹುಪಾಲು ಪ್ರಶಸ್ತಿಗಳನ್ನು ಅದೇ ದಿನ ಮಧ್ಯಾಹ್ನದ ಸಮಾರಂಭದಲ್ಲೇ ಕೊಟ್ಟು ಮುಗಿಸಿ, ಸಂಜೆಯ ಪ್ರಸಾರಕ್ಕೆ ಬೆರಳೆಣಿಕೆಯಷ್ಟನ್ನು ಉಳಿಸಿಕೊಳ್ಳುತ್ತಾರೆ. ಸಂಜೆಯ ಸಮಯವೆಲ್ಲ ಗಾಯನ, ನೃತ್ಯಗಳಿಗೆ ಮೀಸಲು. ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಸಂಜೆ 5 ಗಂಟೆ ಎಂದರೆ ನಮಗೆ ಸೋಮವಾರ ಬೆಳಿಗ್ಗೆ 6.30. ಮಧ್ಯಾಹ್ನದ ಸಮಾರಂಭ ಅಂತರ್ಜಾಲದಲ್ಲಿ ನೇರವಾಗಿ ಬರುತ್ತದೆ. ನಮ್ಮ ಸಂಗೀತಗಾರರನ್ನು ನೋಡಬೇಕೆಂದಿದ್ದರೆ ನಡುರಾತ್ರಿಯ ನಂತರವೂ ಎಚ್ಚರವಾಗಿರಬೇಕು.

ಪ್ರಶ್ನೆ ಕೇಳಿದವರು: ಸುಗಮ ಸಂಗೀತ ಶಿಕ್ಷಕಿ, ತುಮಕೂರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಅಕಾಡೆಮಿಯ ಪಟ್ಟಿಯನ್ನು ನೋಡಿದೆ. ಆ ಆಲ್ಬಮ್ ಅಲ್ಲಿ ಇಲ್ಲ. ಬಳಗದವರು ಒಪ್ಪಿ ಆ ಸಾಲನ್ನು ತೆಗೆದು, ಅವರ ಗುರುಪರಂಪರೆಯನ್ನೂ ಆಕಾಶವಾಣಿಯ ಸೇವೆಯನ್ನೂ ಬರೆದಿದ್ದಾರೆ. ಇನ್ನೆರಡು ಸಂದೇಹಗಳಿವೆ. ವರ್ಷದ ರೆಕಾರ್ಡ್, ವರ್ಷದ ಹಾಡು ಎಂದು ಎರಡು ಬೇರೆ ಪ್ರಶಸ್ತಿಗಳು ಏಕೆ? ಆಲ್ಬಮ್ ಗೆದ್ದರೆ ಅದರಲ್ಲಿ ವಾದ್ಯ ನುಡಿಸಿದವರೆಲ್ಲರೂ ಗ್ರಾಮಿ ವಿಜೇತರೇ?

ಉತ್ತರ: ಧ್ವನಿಮುದ್ರಣ ತಂತ್ರಜ್ಞ, ತುಮಕೂರು

ಮೇಡಂ, ‘ಕಾಡು ಕುದುರೆ’ ಚಿತ್ರದ ಹಾಡನ್ನೇ ತೆಗೆದುಕೊಳ್ಳಿ. ಬರೆದವರು ಚಂದ್ರಶೇಖರ ಕಂಬಾರರು, ಹಾಡಿ ರಾಷ್ಟ್ರ ಪ್ರಶಸ್ತಿ ಪಡೆದವರು ಶಿವಮೊಗ್ಗ ಸುಬ್ಬಣ್ಣನವರು. ಗ್ರಾಮಿಯ ಕ್ರಮದಲ್ಲಿ ವರ್ಷದ ಹಾಡಿನ ಪ್ರಶಸ್ತಿ ರಚನೆಗೆ ಸಲ್ಲುವುದರಿಂದ ಅದು ಸಾಹಿತ್ಯ ಬರೆದವರ ಮತ್ತು ರಾಗ ಸಂಯೋಜಿಸಿದವರ ಪಾಲು. ವರ್ಷದ ರೆಕಾರ್ಡ್ ಎಂಬುದು ಒಂದು ನಿರ್ದಿಷ್ಟ ಧ್ವನಿಮುದ್ರಣಕ್ಕೆ ಸಲ್ಲುವುದರಿಂದ ಅದು ಹಾಡಿದವರಿಗೆ, ನಿರ್ಮಾಪಕರಿಗೆ, ಧ್ವನಿಮುದ್ರಣ ಮತ್ತು ಮಿಶ್ರಣ ಮಾಡಿದ ತಂತ್ರಜ್ಞರಿಗೆ. ಒಂದೇ ಕವಿತೆಯನ್ನು ಇಬ್ಬರು ಗಾಯಕರು ಬೇರೆ ಬೇರೆಯಾಗಿ ಹಾಡಿ ಮುದ್ರಿಸುವ ನಮ್ಮ ಸುಗಮ ಸಂಗೀತಕ್ಕೆ ಈ ವಿಂಗಡಣೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಎರಡನೆಯ ಸಂದೇಹಕ್ಕೆ ಉತ್ತರ ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ವರ್ಷದ ಆಲ್ಬಮ್ ವಿಭಾಗದಲ್ಲಿ ಈಗ ಆಲ್ಬಮಿನ ಒಟ್ಟು ಅವಧಿಯ 20 ಪ್ರತಿಶತದಷ್ಟಾದರೂ ಕೆಲಸ ಮಾಡಿದ ಕಲಾವಿದರು, ತಂತ್ರಜ್ಞರು, ಗೀತರಚನಕಾರರು ಸ್ಮರಣಿಕೆಗೆ ಅರ್ಹರು. ಸ್ಮರಣಿಕೆಗೆ ಅರ್ಹರಾಗದೆ, ಗೆದ್ದ ಕೃತಿಯಲ್ಲಿ ಭಾಗವಹಿಸಿದವರಿಗೆ ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಇದಕ್ಕೆಲ್ಲ ಆಧಾರ ಸಲ್ಲಿಕೆಯ ಸಮಯದಲ್ಲಿ ಕೊಟ್ಟ ಹೆಸರುಗಳ ಪಟ್ಟಿ.

ನಮ್ಮ ಕನ್ನಡ ಆಲ್ಬಮ್‌ಗಳು ಹಿಂದೆ ಬಿದ್ದಿರುವುದು ಇದರಲ್ಲೇ. ಹಳೆಯ ಭಾವಗೀತೆ ಕ್ಯಾಸೆಟ್ಟುಗಳ ಹೊದಿಕೆಯನ್ನು ತೆಗೆದು ನೋಡಿ: ಕವಿಯ ಹೆಸರು, ಸಂಗೀತ ಸಂಯೋಜಕರ ಹೆಸರು, ಗಾಯಕರ ಭಾವಚಿತ್ರ ಇರುತ್ತವೆ, ಪಲ್ಲವಿಗೂ ಚರಣಕ್ಕೂ ನಡುವೆ ಅಷ್ಟು ಸೊಗಸಾಗಿ ಕೊಳಲು ನುಡಿಸಿದವರು ಯಾರು, ತಬಲಾ ಯಾರದು ಎಂಬುದು ಎಷ್ಟೋ ಹೊದಿಕೆಗಳಲ್ಲಿ ಇರುವುದೇ ಇಲ್ಲ. ಅಂತರ್ಜಾಲಕ್ಕೆ ಏರಿಸುವಾಗಲೂ ಅದೇ ರೂಢಿ ಮುಂದುವರಿದಿದೆ. ನಿಮ್ಮ ಬಳಗ ಈ ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಬಿಡುಗಡೆ ಮಾಡುವುದಾದರೆ, ಪ್ರತಿ ಹಾಡಿಗೂ ವಾದ್ಯಗಾರರ, ಧ್ವನಿಮುದ್ರಣ ಮಾಡಿದವರ, ಮಿಶ್ರಣ ಮಾಡಿದವರ ಪೂರ್ಣ ಹೆಸರುಗಳನ್ನು ಅಂದೇ ಬರೆದಿಟ್ಟುಕೊಂಡು, ಹಾಡನ್ನು ವಿತರಕರಿಗೆ ಒಪ್ಪಿಸುವಾಗ ಅವುಗಳನ್ನೂ ಭರ್ತಿ ಮಾಡಿಸಿ. ಆ ನಮೂನೆಯನ್ನು ತುಂಬಲು ನೆರವು ಬೇಕಿದ್ದರೆ ಇಲ್ಲಿಯೇ ತಿಳಿಸಿ, ಮಾಡಿಕೊಡುತ್ತೇನೆ.